ಹಲಗೆಯ ಮೊದಲ ಸಾಲು

ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಕೊಟ್ರಸ್ವಾಮಿಯ ವಿಡಿಯೊ ಗೇಮ್ ಅಂಗಡಿ. ಮೂರು ಯಂತ್ರ, ಒಂದು ಬೆಂಚು, ಗೋಡೆಗೊಂದು ಫ್ಯಾನು. ತೊಂಬತ್ತೇಳನೇ ಇಸವಿಯ ಆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಹೋದಾಗಲೆಲ್ಲ ಯಂತ್ರ ತನ್ನೊಳಗಿನ ಅಂಕಗಳನ್ನು ಮರೆತುಬಿಡುತ್ತಿತ್ತು. ಮತ್ತೆ ಬಂದಾಗ ಎಲ್ಲರದೂ ಸೊನ್ನೆ.

ಅದರಿಂದ ಯಾರೂ ಕೊರಗುತ್ತಿರಲಿಲ್ಲ. ಒಬ್ಬ ಆಡುವಾಗ ನಾಲ್ವರು ಬೆನ್ನ ಹಿಂದೆ ನಿಂತು "ಎಡಕ್ಕ ಹೊಳ್ಳಲೇ, ಬಾಂಬ್ ಬಿತ್ತು!" ಎಂದು ಕೂಗುತ್ತಿದ್ದರು. ಆಟದಲ್ಲಿ ಸತ್ತರೆ ಎಲ್ಲರೂ ನಗುತ್ತಿದ್ದರು, ಸತ್ತವನೂ ಸೇರಿ.

ಕೊರಗಿದವನು ಅರುಣಕುಮಾರ್ ಒಬ್ಬನೇ. ಮೆಕ್ಕೆಜೋಳದ ವ್ಯಾಪಾರಿ ಮರುಳಪ್ಪನವರ ಮಗ, ಇಪ್ಪತ್ತೆರಡರ ತರುಣ. ಅಂಗಡಿ ಇದ್ದ ಕಟ್ಟಡವೂ ಅವರದೇ.

"ಎಂಬತ್ತು ಸಾವಿರ ಮಾಡಿದ್ದೆ ಸ್ವಾಮಿ, ಕರೆಂಟ್ ಹೋತು. ಈಗ ಯಾರು ನಂಬ್ತಾರ? ಒಂದು ಗುರುತು ಬ್ಯಾಡೇನು? ಗುರುತಿಲ್ಲದ ಆಟ ಯಾಕ ಆಡಬೇಕು?"

"ಆಡಿದ ಖುಷಿ ಐತಲ್ಲ, ಸಾಲದೇನು?" ಎಂದ ಹುಲುಗೇಶ್.

ಹುಲುಗೇಶ್ ಪಕ್ಕದ ಟೈಪಿಂಗ್ ಶಾಲೆಯಿಂದ ದಿನಾ ಸಂಜೆ ಬರುವವನು, ತಾಲ್ಲೂಕು ಕಚೇರಿಯ ಜವಾನ ಸುಂಕಪ್ಪನ ಮಗ. ಜೂನ್‌ನಲ್ಲಿ ಅವನ ಸೀನಿಯರ್ ಪರೀಕ್ಷೆ. ಪಾಸಾದರೆ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಬಹುದು. ಟೈಪಿಂಗ್ ಕಲಿತ ಬೆರಳುಗಳು ಗೇಮಿನ ಗುಂಡಿಗಳ ಮೇಲೂ ಸದ್ದಿಲ್ಲದೆ ಓಡುತ್ತಿದ್ದವು.

ಕೊಟ್ರಸ್ವಾಮಿಗೆ ಹಿಡಿಸಿದ್ದು ಅರುಣಕುಮಾರನ ಮಾತು. ಹಿಂದೆ ಅಂಗಡಿಗಳ ನಾಮಫಲಕ ಬರೆದು ಬದುಕಿದವನು ಅವನು. ಹೆಚ್ಚು ಅಂಕ ಮಾಡಿದವರ ಹೆಸರಿಗೆಂದು ತಗಡಿನ ಹಲಗೆಗೆ ಕಪ್ಪು ಬಳಿದು ಬಾಗಿಲ ಪಕ್ಕ, ರಸ್ತೆಗೆ ಕಾಣುವಂತೆ ತೂಗುಹಾಕಿದ. ಅವನು ಕಂಡಿದ್ದ ಮೊದಲು ಬಂದವರ ಹೆಸರಿನ ಹಲಗೆ ಅಂದರೆ ತಾನು ಓದಿದ ಹೈಸ್ಕೂಲಿನದು ಮಾತ್ರ. ಅದರಲ್ಲಿದ್ದಂತೆಯೇ ಹೆಸರು, ತಂದೆಯ ಹೆಸರು, ಓಣಿ ಎಲ್ಲ ಬರೆದ. ಇನ್ನೊಂದು ರೀತಿಯೂ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಮೊದಲ ಸಾಲಿನಲ್ಲಿ "ಅರುಣಕುಮಾರ್, ತಂದೆ ಮರುಳಪ್ಪ, ಪೇಟೆ ಓಣಿ" ಎಂಬುದು ಬಿಳಿ ಬಣ್ಣದಲ್ಲಿ ಹೊಳೆಯಿತು.

ಆಡುವವರು ಹೆಚ್ಚಾದರು, ಕೂಗು ಮಾತ್ರ ನಿಂತುಹೋಯಿತು. ತಾನು ಕಂಡುಕೊಂಡ ಉಪಾಯವನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಒಬ್ಬನಂತೂ ಗುಂಡಿಗಳ ಮೇಲೆ ಟವೆಲ್ ಹೊದಿಸಿಕೊಂಡು ಆಡತೊಡಗಿದ. ಸತ್ತವನು ಯಂತ್ರಕ್ಕೆ ಗುದ್ದಿ ಹೊರಗೆ ಹೋಗುತ್ತಿದ್ದ. ಅಂಗಡಿ ಶಿಸ್ತಿಗೆ ಬಂತೆಂದು ಕೊಟ್ರಸ್ವಾಮಿ ಒಳಗೊಳಗೇ ಹಿಗ್ಗಿದ.

ಒಂದು ಸಂಜೆ ಹುಲುಗೇಶ್ ಲಕ್ಷ ದಾಟಿದ. ಕೊಟ್ರಸ್ವಾಮಿ ಕುಂಚ ತೆಗೆದುಕೊಂಡ.

"ಅಣ್ಣಾ, ಬರೇ ಹೆಸರು ಹಾಕ್ರಿ ಸಾಕು. ಅಪ್ಪನ ಹೆಸರು, ಕೇರಿ ಬ್ಯಾಡ."

"ಎಲ್ಲಾರದೂ ಬರದೀನಿ. ನಿಂದೊಂದು ಬಿಟ್ರ ಚಂದ ಕಾಣಲ್ಲೋ."

ಎಲ್ಲ ಸಾಲುಗಳನ್ನೂ ಒಂದೊಂದು ಕೆಳಗಿಳಿಸಿ, ಮೇಲೆ ಬರೆದ: "ಹುಲುಗೇಶ್, ತಂದೆ ಸುಂಕಪ್ಪ, ಕೆಳಗಿನ ಕೇರಿ."

ಮರುದಿನ ಸುಂಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ರಸ್ತೆಯ ಆ ಬದಿಯಲ್ಲಿ ನಿಂತ. ಒಳಗೆ ಬರಲಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಹೆಸರಿನ ಫೈಲುಗಳನ್ನು ಹೊತ್ತವನು, ತನ್ನ ಹೆಸರನ್ನು ಬಣ್ಣದಲ್ಲಿ ಕಂಡದ್ದು ಅಂದೇ ಮೊದಲು. ಓದಿದ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.

ನಾಲ್ಕನೇ ದಿನ ಮರುಳಪ್ಪನವರು ಬಂದರು. ದನಿ ಏರಿಸುವ ಮನುಷ್ಯರಲ್ಲ ಅವರು.

"ದಾರಿಗೆ ಹೋಗೋರೆಲ್ಲ ಓದ್ತಾರ ಸ್ವಾಮಿ. ನನ್ನ ಹೆಸರಿನ ಮ್ಯಾಲೆ ಸುಂಕನ ಹೆಸರು."

"ಆಟದಾಗ ಗೆದ್ದಾನ್ರಿ ಹುಡುಗ."

"ಆಟದಾಗ ಗೆಲ್ಲಲಿ, ಯಾರು ಬ್ಯಾಡ ಅಂದ್ರು? ಹಲಗಿ ಮ್ಯಾಲೆ ಬ್ಯಾಡ. ಜಗಳಕ್ಕ ಬಂದಿಲ್ಲ ನಾನು. ಕಟ್ಟಡ ಯಾರದು ಅಂತ ನೆನಪು ಮಾಡಾಕ ಬಂದೀನಿ."

ಅವರು ಹೋದ ಮೇಲೆ ಕೊಟ್ರಸ್ವಾಮಿ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೊದಲ ಸಾಲನ್ನು ಉಜ್ಜಿದ. ಅದು ಹೇಡಿತನ. ಅವನು ಅದನ್ನು ಜಾಣತನ ಎಂದುಕೊಂಡ.

ಸಂಜೆ ಹುಲುಗೇಶ್ ಖಾಲಿ ಜಾಗ ನೋಡಿದ. "ಅಣ್ಣಾ?"

"ಬಣ್ಣ ಉದುರಿತ್ತಪ್ಪ. ಆಮ್ಯಾಲೆ ಬರೀತೀನಿ."

ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು. ಹುಲುಗೇಶ್ ನಾಣ್ಯ ಹಾಕಿದ. ಯಾವತ್ತೂ ನಗುತ್ತ ಆಡುವವನು ಅಂದು ಹಲ್ಲು ಕಚ್ಚಿ ಆಡಿದ. ಮುಕ್ಕಾಲು ಗಂಟೆಯ ನಂತರ ಪರದೆಯಲ್ಲಿ ಒಂದು ಲಕ್ಷದ ಹನ್ನೆರಡು ಸಾವಿರ.

"ಈಗ ಬರೀರಿ. ಅಪ್ಪನ ಹೆಸರೂ ಬರೀರಿ."

ಕೊಟ್ರಸ್ವಾಮಿ ಕುಂಚ ಕೈಗೆತ್ತಿಕೊಂಡು, ಬಣ್ಣದ ಡಬ್ಬಿ ಹುಡುಕುವವನಂತೆ ನಟಿಸಿದ. ಅರುಣಕುಮಾರ್ ಬೆಂಚಿನಿಂದ ಎದ್ದು ಬಂದ.

"ಬಾರಲೇ ಹೊರಗ, ನಾ ಬರೀತೀನಿ."

ಇನ್ನಿಬ್ಬರು ಸೇರಿ ಹುಲುಗೇಶನನ್ನು ಎಳೆದೊಯ್ದರು. ಬಿಸಿಲಿನ್ನೂ ಇತ್ತು, ಸಂದಿಯ ತುಂಬ ಜನರಿದ್ದರು. ಆ ಇಬ್ಬರೂ ಅವನನ್ನು ಹಿಡಿದುಕೊಂಡರು. ಅರುಣಕುಮಾರ್ ಹುಲುಗೇಶನ ಬಲಗೈಯನ್ನು ಕಲ್ಲಿನ ಮೆಟ್ಟಿಲ ಮೇಲೆ ಚಾಚಿಸಿ ಬೂಟಿನ ಹಿಮ್ಮಡಿಯಿಂದ ಎರಡು ಸಲ ತುಳಿದ. ಕುಂಚ ಹಿಡಿದು ಬಾಗಿಲಲ್ಲಿ ನಿಂತಿದ್ದ ಕೊಟ್ರಸ್ವಾಮಿ ಎಲ್ಲವನ್ನೂ ನೋಡಿದ.

ವಿಚಾರಣೆಗೆ ಬಂದ ಪೊಲೀಸರಿಗೆ "ಒಳಗಿದ್ದೆ ಸಾಹೇಬ್ರ, ಏನೂ ನೋಡಿಲ್ಲ" ಎಂದ. ಸಂದಿಯಲ್ಲಿದ್ದವರೆಲ್ಲ ಅಂದು ಒಳಗೇ ಇದ್ದರಂತೆ.

ಆರನೆಯ ದಿನ ಅವನು ಮೋಸಂಬಿ ಕಟ್ಟಿಸಿಕೊಂಡು ಕೆಳಗಿನ ಕೇರಿಗೆ ಹೋದ. ಹುಲುಗೇಶ್ ಚಾಪೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಸುಂಕಪ್ಪ. ಬಲಗೈಗೆ ಮೊಣಕೈವರೆಗೂ ಪಟ್ಟಿ. ಮೂರು ಬೆರಳು ಮುರಿದಿದ್ದವು. ಎರಡು ಇನ್ನು ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ಮುಂದೆ ರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡ ಟೈಪ್‌ರೈಟರ್ ಕೀಲಿಗಳು. ಅವುಗಳ ಮೇಲೆ ಎಡಗೈ ಒಂದೇ ಓಡಾಡುತ್ತಿತ್ತು.

"ಹಲಗಿ ಕಿತ್ತು ಒಗದೀನ್ರಿ" ಎಂದ ಕೊಟ್ರಸ್ವಾಮಿ. "ಇನ್ನ ಯಾರ ಹೆಸರೂ ಇರಲ್ಲ. ಮದ್ಲಿನಂಗ ಸುಮ್ನ ಆಡ್ಲಿ."

ಹುಲುಗೇಶ್ ತಲೆಯೆತ್ತಿದ. "ನನ್ನ ಹೆಸರು ಒಂದ ಅಳಿಸಿದ್ರಿ. ಆವತ್ತ ಕೀಳಬೇಕಿತ್ತಲ್ಲ ಅಣ್ಣಾ."

ಸುಂಕಪ್ಪ ಮೆಲ್ಲಗೆ ಹೇಳಿದ, "ನೀವ ಬರದ್ರಿ, ನೀವ ಅಳಿಸಿದ್ರಿ. ಬರದಾಗ ನನಗ ಸಂತೋಷ ಆಗಿತ್ರಿ, ಸುಳ್ಳು ಹೇಳಲ್ಲ. ಈಗ ಹಲಗಿ ಸುದ್ದಿ ಬ್ಯಾಡ. ಠಾಣ್ಯಾಗ ಒಂದು ಹಾಳಿ ಐತಿ. ಅದರಾಗ ನೋಡಿದೋರ ಹೆಸರು ಬರಿಯೋ ಜಾಗ ಖಾಲಿ ಐತ್ರಿ."

ಕೊಟ್ರಸ್ವಾಮಿ ಹಣ್ಣನ್ನು ಹೊಸ್ತಿಲ ಬಳಿ ಇಟ್ಟು ಎದ್ದ. ಅಂಗಡಿಯ ಕಡೆ ತಿರುಗಬೇಕಾದಲ್ಲಿ ತಿರುಗಲಿಲ್ಲ.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಅವನ ಮುಖವನ್ನೇ ನೋಡಿದರು. "ಏನೂ ನೋಡಿಲ್ಲ ಅಂದಿದ್ದೆಯಲ್ಲ?"

"ನೋಡೀನ್ರಿ. ಬಾಗಲದಾಗ ನಿಂತಿದ್ದೆ."

"ಅವರ ಕಟ್ಟಡದಾಗ ಇದ್ದೀಯಪ್ಪ ನೀನು. ವಿಚಾರ ಮಾಡಿಯೇನು?"

"ಮಾಡೀನ್ರಿ. ಹಾಳಿ ಕೊಡ್ರಿ, ನಾನ ಬರೀತೀನಿ."

ನಾಮಫಲಕದ ಅಕ್ಷರಗಳಂತೆಯೇ ದುಂಡಗೆ ಬರೆದ: "ಕೊಟ್ರಸ್ವಾಮಿ, ತಂದೆ ಏಕಾಂತಪ್ಪ, ಪೇಟೆ ಓಣಿ." ಅಷ್ಟರಲ್ಲಿ ಕರೆಂಟು ಹೋಯಿತು. ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಸರಿಸಿಕೊಂಡು ಮುಂದಿನ ಸಾಲಿಗೆ ಬಂದ.

"ಹುಲುಗೇಶ್, ತಂದೆ ಸುಂಕಪ್ಪ, ಕೆಳಗಿನ ಕೇರಿ. ಇವನ ಬಲಗೈಯನ್ನು ಅರುಣಕುಮಾರ್, ತಂದೆ ಮರುಳಪ್ಪ, ಪೇಟೆ ಓಣಿ, ಇವನು ತುಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ."