ದೇವರ ಪಟದ ಕಾಗದ

ದೇವರ ಪಟವಿರುವ ಕಾಗದವನ್ನು ನಮ್ಮ ಮನೆಯಲ್ಲಿ ಯಾರೂ ಕಸಕ್ಕೆ ಹಾಕುವುದಿಲ್ಲ. ಮದುವೆ ಪತ್ರಿಕೆಯಾಗಲಿ, ಊದುಬತ್ತಿ ಪ್ಯಾಕೆಟ್ಟಾಗಲಿ, ಕಣ್ಣಿಗೊತ್ತಿಕೊಂಡು ಅಟ್ಟದ ಡಬ್ಬಕ್ಕೆ ಹಾಕಿಡುತ್ತೇವೆ, ವರ್ಷಕ್ಕೊಮ್ಮೆ ಕೆರೆಗೆ ಬಿಡುತ್ತೇವೆ. ಅಮ್ಮ ಕಲಿಸಿದ್ದು. ಆ ಅಭ್ಯಾಸದಿಂದಲೇ ಅಮ್ಮನ ಕಾಲು ಹೋಯಿತು.

ನಾನು ಬೂದಿಗೆರೆಯಲ್ಲಿ ಡಾಕ್ಟರ್ ಅರ್ಪಿತ ಅವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಬಂದವರ ಹೆಸರು ಬರೆಯುವುದು, ಬೆರಳು ಚುಚ್ಚಿ ಶುಗರ್ ನೋಡುವುದು, ಯಾವ ಮಾತ್ರೆ ಯಾವಾಗ ಅಂತ ಹೇಳಿಕೊಡುವುದು. ಕಾಯುವವರ ಬೆಂಚಿನ ಪಕ್ಕ ಒಂದು ಟ್ರೇ ಇದೆ. ಮಕ್ಕಳ ಲಸಿಕೆಯ ಪಟ್ಟಿ, ಬಾಣಂತಿಯರ ಊಟದ ವಿವರ, ಅಂಥ ಹಾಳೆಗಳು ಅದರಲ್ಲಿರುತ್ತವೆ.

ಹೋದ ವರ್ಷ ಶ್ರಾವಣದಲ್ಲಿ ಚಲಪತಿ ಬಂದು ಒಂದು ಕಟ್ಟು ಕರಪತ್ರ ಮೇಜಿನ ಮೇಲಿಟ್ಟು ಹೋದ. ರಾಮಮಂದಿರದ ಭಜನೆಯಲ್ಲಿ ತಾಳ ಹಿಡಿದು ಮುಂದೆ ಕೂರುವವನು. ಸಕ್ಕರೆ ಕಾಯಿಲೆಗೆ ಪುಡಿ ಮಾರುವವನೂ ಅವನೇ. ಹಾಳೆಯ ಮೇಲ್ಗಡೆ ಪಟ್ಟಾಭಿಷೇಕದ ರಾಮ, ಕೆಳಗೆ ದಪ್ಪಕ್ಷರ: ‘ಇಂಜೆಕ್ಷನ್ ಬಿಡಿ, ಮಾತ್ರೆ ಬಿಡಿ, ನಲವತ್ತೆಂಟು ದಿನ ಈ ಪುಡಿ ಸಾಕು.’

ಕೆಳಗಿನದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೆ ಮೇಲೆ ಕೂತವನನ್ನು ಕಸದ ಬುಟ್ಟಿಗೆ ಹೇಗೆ ಹಾಕಲಿ? ಸಂಜೆ ಮನೆಗೆ ಒಯ್ದು ಡಬ್ಬಕ್ಕೆ ಹಾಕೋಣ ಅಂದುಕೊಂಡು, ಅಲ್ಲಿಯವರೆಗೆ ಇರಲಿ ಅಂತ ಟ್ರೇಯಲ್ಲಿಟ್ಟೆ. ಮರೆತೆ.

ಮೂರನೆಯ ದಿನ ಅಮ್ಮ ಶುಗರ್ ನೋಡಿಸಿಕೊಳ್ಳಲು ಬಂದವಳು ಅದರಲ್ಲೊಂದು ಹಾಳೆಯನ್ನು ಮಡಿಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಇನ್ಸುಲಿನ್ ನಿಲ್ಲಿಸಿದ್ದನ್ನು ನನಗೆ ಹೇಳಲಿಲ್ಲ. ನಲವತ್ತೆಂಟು ದಿನ ಕಳೆದ ಮೇಲೆ ಹೇಳಿ ನನ್ನನ್ನು ಬೆರಗಾಗಿಸುವ ಆಸೆ ಅವಳಿಗೆ. ಆ ದಿನಗಳು ತುಂಬುವ ಮೊದಲೇ ಕಾಲ್ಬೆರಳು ಕಪ್ಪಾಯಿತು. ಹೊಸಕೋಟೆಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನಮ್ಮಾ?” ಅಂದೆ.

“ಕೇಳೋದೇನಿತ್ತೇ? ನಿಮ್ಮ ಟ್ರೇಯಲ್ಲೇ ಇತ್ತಲ್ಲ. ನೀನೇ ಇಟ್ಟಿದ್ದೀಯ ಅಂತ ತಗೊಂಡೆ.”

ನಾನು ಚಲಪತಿಯ ಮನೆಗೆ ಹೋದೆ. ಜಗಳಕ್ಕಲ್ಲ. ತಪ್ಪಾಯ್ತು ಅನ್ನಲಿ, ಸಾಕು ಅಂತ. ಅವನು ಉಯ್ಯಾಲೆಯಿಂದ ಏಳಲಿಲ್ಲ.

“ನಿಮ್ಮಮ್ಮ ಸೊಣ್ಣಮ್ಮಂಗೆ ನಂಬಿಕೆ ಸಾಲ್ದು ಕಣಮ್ಮ. ಪಥ್ಯ ತಪ್ಪಿರ್ಬೇಕು. ನನ್ನ ನೋಡು, ನನಗೂ ಶುಗರ್ ಇತ್ತು. ಈಗ ಪುಡಿ ಬಿಟ್ರೆ ಒಂದು ಮಾತ್ರೆ ಮುಟ್ಟಲ್ಲ, ಒಂದು ಸೂಜಿ ಮುಟ್ಟಲ್ಲ.”

ನಲವತ್ತು ವರ್ಷ ಶನಿವಾರದ ಉಪವಾಸ ಬಿಡದ ನಮ್ಮಮ್ಮನಿಗೆ ನಂಬಿಕೆ ಸಾಲದು. ಅಂದಿನಿಂದ ಸಂಜೆ ದೀಪ ಹಚ್ಚಿ ನಾನು ಕೇಳುತ್ತಿದ್ದುದು ಒಂದೇ. ಇವನು ಸಾಯಲಿ ಅಂತಲ್ಲ. ಸತ್ತರೆ ಹಾರ ಹಾಕಿ ಭಜನೆ ಮಾಡುತ್ತಾರೆ. ಇದು ಸುಳ್ಳು ಅಂತ ಇವನ ಬಾಯಿಂದಲೇ ಹೇಳಿಸು. ಎಲ್ಲರೆದುರು ಹೇಳಿಸು. ಅಮ್ಮನೆದುರು ಹೇಳಿಸು.

ಅರ್ಪಿತ ಮೇಡಂಗೆ ಟ್ರೇಯ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಟ್ರೇಯನ್ನು ಬೋರಲು ಹಾಕಿ ಖಾಲಿ ಮಾಡಿ ನನ್ನ ಕೈಗಿತ್ತರು.

“ಇನ್ಮೇಲೆ ಇದು ನಿಮ್ದು, ಮಮತ. ಒಂದು ಹಾಳೆ ಇಡೋ ಮುಂಚೆ ಕೇಳ್ಕೊಳ್ಳಿ. ಬರೆದೋರು ಯಾರು? ಅವರು ಏನಾದ್ರೂ ಮಾರ್ತಾರಾ? ಇರೋ ಔಷಧಿ ನಿಲ್ಲಿಸಿ ಅಂತಾರಾ? ಉತ್ತರ ಸಿಗದೇ ಇದ್ರೆ ಒಳಗೆ ಬಿಡ್ಬೇಡಿ.”

ಆರೋಗ್ಯ ಇಲಾಖೆಯ ಹಾಳೆ ತಂದೆ. ಮೆಡಿಕಲ್ ಕಾಲೇಜೊಂದು ಅಚ್ಚು ಹಾಕಿಸಿದ ಹಾಳೆ ತಂದೆ. ಒಂದೊಂದನ್ನೂ ಮೇಡಂಗೆ ತೋರಿಸಿ, ಬೆಂಚಿನ ಮೇಲೆ ಕೂತವರಿಗೆ ಓದಿ ಹೇಳಿದೆ. ನನ್ನ ಹಿಂದೆಯೇ ಅಂದು ತೋರಿಸಿರಿ ಅಂದೆ. ಓದಲು ಬಾರದವರಿಗೂ ಬಾಯಿಪಾಠವಾಗಲಿ ಅಂತ ಕೆಲವನ್ನು ಪದದ ಹಾಗೆ ಕಟ್ಟಿದೆ. ಶುಗರ್ ದಿಢೀರನೆ ಇಳಿದಾಗ ಮಾಡಬೇಕಾದ್ದು ಎಲ್ಲರ ನಾಲಿಗೆಗೂ ಹತ್ತಿತು: ಬೆವರು, ನಡುಕ, ತೊದಲು ಮಾತು, ಮೊದಲು ಸಕ್ಕರೆ, ಆಮೇಲೆ ಪ್ರಶ್ನೆ.

ಭಜನೆಯಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ ಮುನಿಲಕ್ಷ್ಮಮ್ಮ ಮಾತ್ರ ಮೂಗು ಮುರಿಯುತ್ತಿದ್ದಳು. “ನಿನ್ನ ಹಾಳೇಲಿ ದೇವ್ರೇ ಇಲ್ವಲ್ಲೇ, ನಂಬೋದೆಂಗೆ? ಚಲಪತೀದು ನೋಡು, ರಾಮದೇವ್ರು ನಗ್ತಾ ಕೂತವ್ನೆ.” ಬೆಂಚಿಗೆ ಬೆಂಚೇ ನಗುತ್ತಿತ್ತು. ನಾನೂ ನಕ್ಕೆ. ಒಳಗೆ ಹಲ್ಲು ಕಡಿದೆ.

ರಾಮನವಮಿ ಬಂತು. ಪೂಜೆ ತಡವಾಗಿ ಮಧ್ಯಾಹ್ನ ಒಂದು ದಾಟಿತ್ತು. ಅಮ್ಮ ಗಾಲಿಕುರ್ಚಿಯಲ್ಲಿ ಕಂಬದ ಪಕ್ಕ. ನಾನು ಪಾನಕದ ಕೊಳಗದ ಹತ್ತಿರ. ಚಲಪತಿ ಎದ್ದು ನಿಂತು, ಬೆಳಗಿನಿಂದ ಹನಿ ನೀರೂ ಮುಟ್ಟಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೂತು ತಾಳ ಹಾಕತೊಡಗಿದ.

ಮೂರನೆಯ ಹಾಡಿಗೆ ತಾಳ ತಪ್ಪಿತು. ಅವನದು ತಪ್ಪಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನೋಡಿದೆ. ಕೈ ನಡುಗುತ್ತಿತ್ತು. ಫ್ಯಾನಿನ ಕೆಳಗೇ ಕೂತವನ ಜುಬ್ಬಾ ನೀರಲ್ಲಿ ಅದ್ದಿದಂತೆ ಒದ್ದೆ. ಹಾಡಿನ ಸಾಲು ಅವನ ಬಾಯಲ್ಲಿ ಮುದ್ದೆಯಾಯಿತು. ಕೂತಲ್ಲೇ ವಾಲಿದ.

“ಅವನ ಪುಡೀನೇ ನಾಲಿಗೆಗೆ ಹಾಕ್ರೋ!” ಯಾರೋ ಕೂಗಿದರು.

“ಪುಡಿ ಹಾಕಿದ್ರೆ ಹೋಗೇಬಿಡ್ತಾನೆ,” ಅಂದೆ. ಲೋಟದಲ್ಲಿ ಪಾನಕ ತುಂಬಿಕೊಂಡು ಹೋಗಿ ಅವನ ಮುಂದೆ ಕೂತೆ. ಬೆಲ್ಲದ ವಾಸನೆಗೆ ಅವನ ಮುಖ ಲೋಟದ ಕಡೆ ತಿರುಗಿತು. ಪುಡಿ ತಿಂದು ಉಪವಾಸವಿರುವವನಿಗೆ ಹೀಗಾಗುವುದಿಲ್ಲ. ಸೂಜಿ ಚುಚ್ಚಿಕೊಂಡು ಉಪವಾಸವಿರುವವನಿಗೆ ಆಗುತ್ತದೆ. ನನಗೆ ಅರ್ಥವಾಯಿತು. ಲೋಟ ಹಿಂದಕ್ಕೆಳೆದುಕೊಂಡೆ.

“ಬೆಳಿಗ್ಗೆ ಏನು ತಗೊಂಡ್ರಿ, ಚಲಪತಣ್ಣ?”

“ಪು... ಪುಡಿ.”

“ಇನ್ನೊಂದ್ಸಲ ಹೇಳಿ.”

“ಕೊಡಮ್ಮಾ...”

“ಕೊಡ್ತೀನಿ. ಏನು ತಗೊಂಡ್ರಿ?”

ಮುನಿಲಕ್ಷ್ಮಮ್ಮ ನನ್ನ ಭುಜ ಹಿಡಿದು ಅಲುಗಿಸಿದಳು. “ಲೇ, ಇದು ನಿನ್ನ ಪದದಲ್ಲಿರೋದೇ ಅಲ್ವೇನೇ? ಬೆವರು, ನಡುಕ, ತೊದಲು! ಮೊದಲು ಸಕ್ಕರೆ ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು? ಕುಡಿಸೇ!”

ನಾನು ಹೇಳಿಕೊಟ್ಟದ್ದನ್ನು ಅವಳು ನಂಬಿದ್ದಳು. ಎಷ್ಟೋ ತಿಂಗಳಿಂದ ನಾನು ಕಾಯುತ್ತಿದ್ದುದು ಅದನ್ನೇ. ಆ ಗಳಿಗೆಯಲ್ಲಿ ನನಗದು ಬೇಕಿರಲಿಲ್ಲ. ಲೋಟವನ್ನು ಅವನ ತುಟಿಗೆ ಒಂದು ಗೇಣು ದೂರದಲ್ಲಿ ಹಿಡಿದೆ. ಕಂಬದ ಪಕ್ಕದಿಂದ ಅಮ್ಮ ರೆಪ್ಪೆ ಹಾಕದೆ ನೋಡುತ್ತಿದ್ದಳು.

“ಇನ್ಸು... ಲಿನ್.”

ಆಗಲಾದರೂ ಕೊಡಬೇಕಿತ್ತು.

“ಎಷ್ಟು ವರ್ಷದಿಂದ?”

ಮೊದಲನೆಯ ಪ್ರಶ್ನೆ ಊರಿಗಾಗಿ ಕೇಳಿದ್ದು. ಎರಡನೆಯದು ನನಗಾಗಿ.

“ಹನ್... ಹನ್ನೊಂದು,” ಅಂದ. ಕಣ್ಣಾಲಿಗಳು ಮೇಲಕ್ಕೆ ತೇಲುತ್ತಿದ್ದವು. ಆಗ ಅವನ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಲೋಟ, ಮತ್ತೊಂದು ಲೋಟ. ಕಾಲು ಗಂಟೆಯಲ್ಲಿ ಸರಿಯಾಗಿ ಕೂತ. ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ತಾಳಗಳನ್ನು ಮುನಿಲಕ್ಷ್ಮಮ್ಮ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

ಮಾರನೆಯ ದಿನ ಮೇಡಂ ಕೇಳಿದರು. “ಮೊದಲು ಸಕ್ಕರೆ ಕೊಟ್ರಿ ತಾನೇ?”

“ಕೊಟ್ಟೆ ಮೇಡಂ,” ಅಂದೆ. ಟ್ರೇಯಲ್ಲಿನ ಹಾಳೆಗಳನ್ನು ಸರಿಯಾಗೇ ಇದ್ದರೂ ಮತ್ತೆ ಜೋಡಿಸಿದೆ.

ಆ ವಾರವೆಲ್ಲ ಜನ ಬರುತ್ತಲೇ ಇದ್ದರು. ಒಬ್ಬೊಬ್ಬರ ಕೈಯಲ್ಲೂ ಚಲಪತಿಯ ಕರಪತ್ರ. “ದೇವ್ರ ಪಟ ಐತೆ, ಬಿಸಾಕೋಕೆ ಮನಸ್ಸು ಬರಲ್ಲ. ನೀನೇ ಏನಾದ್ರೂ ಮಾಡಮ್ಮ,” ಅಂದು ಮೇಜಿನ ಮೇಲಿಟ್ಟು ಹೋದರು. ಈ ಸಲ ಮರೆಯಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ ಮನೆಗೆ ಒಯ್ದೆ.

ಭಾನುವಾರ ಬಚ್ಚಲೊಲೆಯ ಮುಂದೆ ಕತ್ತರಿ ಹಿಡಿದು ಕೂತೆ. ಕಿರೀಟಕ್ಕೆ ತಾಗದಂತೆ, ಪಾದಕ್ಕೆ ತಾಗದಂತೆ, ಒಂದೊಂದು ಹಾಳೆಯಿಂದಲೂ ರಾಮನನ್ನು ಬಿಡಿಸಿ, ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲಿಟ್ಟೆ. ಉಳಿದದ್ದನ್ನು ಒಲೆಗೆ ಹಾಕಿದೆ. ದಪ್ಪಕ್ಷರಗಳು ಸುರುಟಿಕೊಂಡು ಉರಿದವು. ಹಂಡೆಯ ನೀರು ಸದ್ದು ಮಾಡಿತು.

ಅಮ್ಮನನ್ನು ಎತ್ತಿ ತಂದು ಮಣೆಯ ಮೇಲೆ ಕೂರಿಸಿದೆ. ಅವಳು ಒಲೆಯನ್ನೇ ನೋಡುತ್ತಿದ್ದಳು.

“ಎಲ್ಲಾ ಸುಟ್ಯಾ?”

“ಎಲ್ಲಾ.”

ಮೊದಲ ಚೊಂಬನ್ನು ಬೆನ್ನಿಗೆ ಹುಯ್ದೆ. ಅವಳು ಕಣ್ಣು ಮುಚ್ಚಿ ದಿನವೂ ಹೇಳುವ ಸ್ತೋತ್ರವನ್ನು ಹೇಳಿಕೊಂಡಳು. ಮುಗಿಸಿ, ಕಾಲಿಲ್ಲದ ಮಂಡಿಯನ್ನು ಒದ್ದೆ ಕೈಯಿಂದ ಸವರಿಕೊಂಡಳು.

“ಅವತ್ತು ಅವನಿಗೆ ಬೇಗ ಕುಡಿಸ್ಬಿಟ್ಟೆ ಕಣೇ,” ಅಂದಳು.