ಗಾಜಿನಾಚೆಯ ಮಾತು

ಹೊಗೆಯಿಲ್ಲದ ಚಿಮಣಿಯ ತುದಿಯಲ್ಲಿ ಪಾರಿವಾಳ ಕೂತಿದೆ, ಮೊದಲಾಗಿದ್ದರೆ ಬೆಂದುಹೋಗುತ್ತಿತ್ತು, ಥಿರ್ಜಾ ಆಸ್ಪತ್ರೆಯ ವಾರ್ಡಿನ ಕಿಟಕಿಯಿಂದ ನೋಡುತ್ತಾಳೆ, ಕೆಳಗೆ ಗುರುವಾರದ ಸಂತೆ, ಉಣ್ಣೆ ಮಾರುತ್ತಿದ್ದ ಕಾಲದಿಂದಲೂ ಗುರುವಾರವೇ, ಅವಳ ಅಜ್ಜಿಯ ಅಜ್ಜಿ ಅಟ್ಟದ ಕೈಮಗ್ಗದಲ್ಲಿ ನೇಯ್ದ ಬಟ್ಟೆ ಹೊತ್ತು ಬಂದದ್ದೂ ಅಲ್ಲಿಗೇ, ಆಮೇಲೆ ತೊರೆಯ ನೀರಿನಿಂದ ತಿರುಗುವ ಹತ್ತಿ ಗಿರಣಿ ಬಂತು, ನೀರು ಸಾಲದೆ ಕಲ್ಲಿದ್ದಲು ಬಂತು, ಅಟ್ಟಗಳು ಖಾಲಿಯಾದವು — ಈಗ ಗಿರಣಿಯೂ ಖಾಲಿ, ಹೋದ ವರ್ಷ ಸರ್ಕಾರ ಮಾಲೀಕರಿಗೆ ಪರಿಹಾರ ಕೊಟ್ಟು ಮಗ್ಗಗಳನ್ನು ಸುತ್ತಿಗೆಯಲ್ಲಿ ಒಡೆಸಿತು, ಗಂಡ ಎನಕ್ ನೋಡಲು ಹೋಗಿದ್ದ, ಜೀವಮಾನವಿಡೀ ತಾನೇ ರಿಪೇರಿ ಮಾಡಿದ ಮಗ್ಗಗಳು, ಬಂದು ಬೂಟು ಬಿಚ್ಚುತ್ತಾ ಅಂದ, ಆ ಹುಡುಗರಿಗೆ ಸುತ್ತಿಗೆ ಹಿಡಿಯೋಕೂ ಬರಲ್ಲ ಕಣೇ, ಅಷ್ಟೇ ಅಂದದ್ದು. ಈಗ ದಿಂಬಿಗೊರಗಿ ಉಸಿರು ಎಳೆಯುತ್ತಿದ್ದಾನೆ, ಎದೆಯ ತುಂಬ ಹತ್ತಿಯ ಧೂಳು, ಆದರೂ ಕೇಳುತ್ತಾನೆ, ಜುಲೈ ರಜೆಗೆ ಬ್ಲ್ಯಾಕ್‌ಪೂಲಿನ ಕೋಣೆ ಹೇಳಿಟ್ಟೆಯಾ, ಸಮುದ್ರ ಕಾಣೋ ಕೋಣೆ ಹೇಳು, ಹೋದ ಸಲ ಸಮುದ್ರ ಅಂತ ಹೇಳಿ ಆ ಲಾಡ್ಜಿನ ಯಮ್ಮ ತನ್ನ ಲಂಗಗಳನ್ನ ತೋರಿಸಿದಳು ಹಗ್ಗದ ಮೇಲೆ — ಗಿರಣಿ ಮುಚ್ಚಿದರೂ ಗಿರಣಿಯ ರಜೆಗೆ ಊರೆಲ್ಲ ಹೊರಡುತ್ತದೆ, ಅವನೂ ಹೊರಡಬೇಕು. ಆಚೆ ಗಾಜಿನ ಕೋಣೆಯಲ್ಲಿ ಹೊಸ ಡಾಕ್ಟರು, ಎದುರಿಗೆ ನರ್ಸು, ಬಾಗಿಲು ಭದ್ರವಾಗಿ ಮುಚ್ಚಿದ್ದಾನೆ, ದಕ್ಷಿಣದ ಕಡೆಯವನು, ಮಗ್ಗಗಳ ಗದ್ದಲದಲ್ಲಿ ದನಿ ಕೇಳದೆ ತುಟಿ ನೋಡಿಯೇ ಮಾತಾಡಿಕೊಂಡವರ ಊರಿದು ಅಂತ ಅವನಿಗೆ ಯಾರೂ ಹೇಳಿಲ್ಲ, ಎನಕ್ ತನ್ನನ್ನು ಮದುವೆಗೆ ಕೇಳಿದ್ದೂ ಹಾಗೇ, ನಾಲ್ಕು ಸಾಲು ಆಚೆಯಿಂದ ಬರೀ ತುಟಿಯಲ್ಲಿ, ತಾನು ಬಾಯಿ ಬಿಡುವ ಮೊದಲೇ ಸಾಲಿನ ಹೆಂಗಸರೆಲ್ಲ ಹೂಂ ಅನ್ನೇ, ಇನ್ಯಾರು ಕೇಳ್ತಾರೆ ನಿನ್ನ — ಡಾಕ್ಟರನ ತುಟಿ ಆಡುತ್ತಿದೆ, ಎನಕ್ ಬ್ಲೀಸ್‌ಡೇಲ್ ಅವರ ಶ್ವಾಸಕೋಶ ಪೂರ್ತಿ ಹೋಗಿದೆ, ಜುಲೈ ತನಕ ಉಳಿಯುವುದಿಲ್ಲ, ಹೆಂಡತಿಗೆ ಈಗಲೇ ಹೇಳುವುದು ಬೇಡ. ಅವಳು ಕೈಚೀಲದ ಕೊಕ್ಕೆ ತೆಗೆದಳು, ಹಾಕಿದಳು. ಎನಕ್‌ಗೆ ತಿಳಿಯಬಾರದು, ಅದೊಂದೇ, ರಜೆಯ ಆಸೆಯಲ್ಲಾದರೂ ಇರಲಿ, ಅವನ ಕನ್ನಡಕ ಮೇಜಿನ ಮೇಲೇ ಇದೆ, ಸದ್ಯ — ಆದರೆ ಅದು ಪೇಪರ್ ಓದುವ ಕನ್ನಡಕ, ದೂರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತದೆ, ವಾರ್ಡು ಯಾಕೆ ಇಷ್ಟು ಸುಮ್ಮನಿದೆ, ಎಲ್ಲ ಹಳೆಯ ಗಿರಣಿಯವರೇ, ಎದುರು ಹಾಸಿಗೆಯ ಸೆಫ್ಟನ್ ಹೊದಿಕೆಯ ಅಂಚು ನೋಡುತ್ತಿದ್ದಾನೆ, ಪಕ್ಕದವನು ಖಾಲಿ ಕಪ್ಪಿನಿಂದ ಚಹಾ ಕುಡಿಯುತ್ತಿದ್ದಾನೆ. ಡಾಕ್ಟರು ನಗುತ್ತಾ ಬಂದ, ಬೇಗ ಮನೆಗೆ ಕಳಿಸೋಣ ನಿಮ್ಮನ್ನ, ಒಳ್ಳೇದು ಡಾಕ್ಟ್ರೇ, ತುಂಬಾ ಉಪಕಾರ ಆಯ್ತು, ಎನಕ್ ಅವನ ಕೈ ಕುಲುಕುತ್ತಾನೆ, ಡಾಕ್ಟರು ಬೆನ್ನು ತಿರುಗಿಸಿದೊಡನೆ ದನಿಯಿಲ್ಲದೆ ಬರೀ ತುಟಿಯಲ್ಲಿ ಅವಳ ಕಡೆಗೆ, ಸುಮ್ನಿರೇ ಹುಡುಗಿ, ನಮಗೆ ಗೊತ್ತಾಯ್ತು ಅಂದ್ರೆ ಪಾಪ ಅವನಿಗೆ ಬೇಜಾರಾಗುತ್ತೆ, ಆಮೇಲೆ ಉಸಿರು ಎಳೆದುಕೊಂಡು ಇನ್ನೊಂದು, ರಜೆ ತನಕ ಯಾಕೆ ಕಾಯೋದು, ಈ ಶನಿವಾರವೇ ಹೋಗೋಣ — ಮಾರ್ಚಿನಲ್ಲಿ ಯಾರು ಹೋಗುತ್ತಾರೆ, ಮರಗಟ್ಟುವ ಚಳಿ, ಉಪ್ಪುಗಾಳಿ, ಬಾಗಿಲು ಹಾಕಿದ ಅಂಗಡಿಗಳು, ಇವನನ್ನು ಬಸ್ಸು ಹತ್ತಿಸುವುದು ಹೇಗೆ, ಹತ್ತಿಸಬೇಕು, ಶನಿವಾರ, ಮಾತು ಮುಗಿದರೂ ಮುಚ್ಚಿಕೊಳ್ಳದ ಆ ತುಟಿ, ನೀಲಿಗಟ್ಟಿದ, ಅಂಚು ಒಡೆದ, ಅವಳ ಉತ್ತರಕ್ಕೆ ತೆರೆದೇ ಇದ್ದ ತುಟಿ.