ಬಾಡಿಗೆಯ ಮಂಚದ ಮೇಲಿನ ನಿದ್ದೆ

ಹಾಲ್ಗಡಲ ನಡುವೆ ಹಾವಿನ ಹಾಸಿಗೆಯಲ್ಲಿ ಪವಡಿಸಿ, ಕಣ್ಣು ಮುಚ್ಚಿಯೇ ಮೂರು ಲೋಕವನ್ನೂ ಕಾಯುವ ಸ್ವಾಮಿಗೆ ಮೊದಲ ನಮಸ್ಕಾರ. ಮಲಗಿಕೊಂಡೇ ಕಾರ್ಯಸಿದ್ಧಿ ಮಾಡುವ ವಿದ್ಯೆ ಅವನದು. ಅದರ ಒಂದು ತುಣುಕು ನಮ್ಮ ಗಡಿಯಾರದವರಿಗೂ ಪ್ರಾಪ್ತವಾಗಿತ್ತು.

ಗಡಿಯಾರದವರು ಆಯುಷ್ಯವನ್ನೆಲ್ಲ ಹಳೆಯ ಗಡಿಯಾರಗಳ ದುರಸ್ತಿಯಲ್ಲಿ ಕಳೆದವರು. ಅವರ ಮನೆ ಬಸ್ ನಿಲ್ದಾಣದ ಎದುರಿಗೆ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಹೆಂಡತಿಯ ಮಂಡಿಗಳು ಮುಷ್ಕರ ಹೂಡಿದ್ದವು. ಒಮ್ಮೆ ಕೆಳಗಿಳಿದರೆ ಮರಳಿ ಹತ್ತುವುದು ಆಕೆಗೆ ಪರ್ವತಾರೋಹಣವೇ ಸರಿ. ಈ ಮನೆ ಮಾರಾಟವಾದ ಹೊರತು ನೆಲಮಹಡಿಯ ಮನೆ ದಕ್ಕುವಂತಿರಲಿಲ್ಲ. ಬಂದ ಗಿರಾಕಿಗಳೋ ಕಿಟಕಿ ತೆರೆದು, ಹಾರನ್ ಕೇಳಿ, ಹೇಳಿ ಕಳಿಸುತ್ತೇವೆಂದು ಹೋದವರು ಹೋದವರೇ.

ಕೊನೆಗೆ ಆಕೆ ತನ್ನ ತಂಗಿಯ ಮಗಳನ್ನು ಕರೆಸಿದಳು. ಮಾರಾಟಕ್ಕಿಟ್ಟ ಮನೆಗಳನ್ನು ಮದುಮಗಳಂತೆ ಸಿಂಗರಿಸುವುದೇ ಅವಳ ಉದ್ಯೋಗ. ನೋಡಲು ಬಂದವರು ಅಲ್ಲಿ ತಮ್ಮ ಸಂಸಾರವನ್ನು ಕಲ್ಪಿಸಿಕೊಳ್ಳಬೇಕು, ಇದ್ದವರ ಸಂಸಾರ ಅಡ್ಡ ನಿಲ್ಲಬಾರದು ಎಂಬುದು ಅವಳ ಸಿದ್ಧಾಂತ. ಗೋಡೆಗಳು ತಿಳಿಬಣ್ಣ ತಳೆದವು. ಅಡುಗೆಕಟ್ಟೆಯ ಡಬ್ಬಗಳು ಅಂತರ್ಧಾನವಾದವು. ಮಲಗುವ ಕೋಣೆಗೆ ದಿಂಬುಗಳ ಗುಡ್ಡ ಹೊತ್ತ ಬಾಡಿಗೆಯ ಮಂಚ ಬಂತು. ಕಡೆಗೆ ಅವಳ ದೃಷ್ಟಿ, ತಲೆಯೆಣ್ಣೆಯ ಕಲೆಯಿಂದ ಶೋಭಿಸುತ್ತಿದ್ದ ಆರಾಮಕುರ್ಚಿಯ ಮೇಲೆ ಬಿತ್ತು.

"ದೊಡ್ಡಪ್ಪ, ಇದಿದ್ರೆ ಮನೆಗೇ ವಯಸ್ಸಾದ ಹಾಗೆ ಕಾಣುತ್ತೆ."

"ನಾನಿದ್ರೆ?"

"ಅದಕ್ಕೇ, ಗಿರಾಕಿ ಬರೋ ಹೊತ್ತಿಗೆ ನೀವೂ ಇರಬಾರದು."

ಕುರ್ಚಿ ಗೋದಾಮಿಗೆ ಹೋಯಿತು. ಗಿರಾಕಿ ಬರುವ ಮಧ್ಯಾಹ್ನ ಗಡಿಯಾರದವರು ಉದ್ಯಾನಕ್ಕೆ ಹೋದರು. ಆದರೆ ಅಲ್ಲಿಯ ಬೆಂಚುಗಳಿಗೆ, ಯಾರೂ ಮಲಗದಂತೆ, ನಡುವೆ ಕಬ್ಬಿಣದ ಸರಳು. ಊಟದ ಬಳಿಕದ ನಿದ್ದೆ ಅವರಿಗೆ ತಪ್ಪಿಸಬಾರದ ನಿತ್ಯಕರ್ಮ. ತಂಗಿಯ ಮಗಳು ಗಿರಾಕಿಯನ್ನು ಕರೆತರಲು ನಿಲ್ದಾಣಕ್ಕೆ ಹೋಗಿದ್ದಳು, ಹೆಂಡತಿ ಅಡುಗೆಮನೆಯಲ್ಲಿ ಲೋಟ ಜೋಡಿಸುತ್ತಿದ್ದಳು. ಗಡಿಯಾರದವರು ಮನೆಗೆ ಮರಳಿ, ಬೆಕ್ಕಿನ ಹೆಜ್ಜೆಯಲ್ಲಿ ಒಳಸೇರಿ, ಕುರ್ಚಿಯಿಲ್ಲದ್ದಕ್ಕೆ ಮಂಚವನ್ನೇ ಆಶ್ರಯಿಸಿದರು.

ಬಂದವಳು ರಾತ್ರಿಪಾಳಿಯ ನರ್ಸ್. ಕೋಣೆಯ ಬಾಗಿಲು ತೆರೆದರೆ ದಿಂಬುಗಳ ನಡುವೆ ಒಬ್ಬ ಮಹಾಶಯ. ತಂಗಿಯ ಮಗಳು ಬಾಗಿಲನ್ನು ಮತ್ತೆ ಮುಚ್ಚಹೋದಳು. ನರ್ಸ್ ಮಾತ್ರ ನೇರ ಹೋಗಿ ನಾಡಿ ಹಿಡಿದಳು. ನಾಡಿ ಸರಿಯಾಗಿತ್ತು, ಗೊರಕೆಯೂ ಆರಂಭವಾಯಿತು. ಕೆಳಗೆ ಬಸ್ಸೊಂದು ಅಬ್ಬರಿಸಿದರೂ ಅವರ ರೆಪ್ಪೆ ಅಲುಗಲಿಲ್ಲ.

"ಹಗಲಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಬರುತ್ತಾ ಇಲ್ಲಿ?" ಎಂದಳು, ಎಷ್ಟೋ ಹಗಲು ಕಣ್ಣು ಮುಚ್ಚದ ಆಕೆ.

ಹೆಂಡತಿಗೆ ಸುಳ್ಳು ಒಗ್ಗದು. "ಇವರನ್ನ ನಂಬಿ ಮನೆ ತಗೋಬೇಡಮ್ಮ. ನೂರು ಗಡಿಯಾರ ಒಟ್ಟಿಗೆ ಹೊಡೆದರೂ ಏಳದ ಪ್ರಾಣಿ ಇದು. ನೀನೇ ಕೂತು ನೋಡು."

ನರ್ಸ್ ಹೊರಕೋಣೆಯ ಸೋಫಾದಲ್ಲಿ ಕುಳಿತಳು. ಒಳಗಿನ ಗೊರಕೆ ಲೋಲಕದಂತೆ ಹೋಗಿಬರುತ್ತಿತ್ತು; ಬಸ್ಸುಗಳ ಸದ್ದು ಅದರಡಿ ಎಲ್ಲೋ ಅಡಗಿತು. ಕಾಫಿ ತರುವಷ್ಟರಲ್ಲಿ ಆಕೆ ಒರಗಿಬಿಟ್ಟಿದ್ದಳು. ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಮುಖ ತೊಳೆದು ಬಂದವಳೇ ಮನೆ ಒಪ್ಪಿಗೆ ಎಂದಳು. ಮಂಚವೂ ಸೇರುತ್ತದೆಯೇ ಎಂದು ವಿಚಾರಿಸಿದಳು.

"ಮಂಚ ಬಾಡಿಗೇದು, ವಾಪಸ್ ಹೋಗುತ್ತೆ," ಎಂದಳು ತಂಗಿಯ ಮಗಳು.

"ಇವರು?" ಎಂದು ನರ್ಸ್ ತುಸು ಆಸೆಯಿಂದಲೇ ಕೇಳಿದಳು.

"ಇವರು ಸ್ವಂತದ್ದು," ಎಂದಳು ಹೆಂಡತಿ, ಮಂಡಿ ನೀವಿಕೊಳ್ಳುತ್ತ. "ನೆಲಮಹಡಿಗೆ ನಾನೇ ಕರಕೊಂಡು ಹೋಗ್ತೀನಿ."

ಇದನ್ನು ಕೇಳಿದವರೆಲ್ಲರ ಮನೆಗೆ ಬೆಳಕಿರಲಿ, ಮಂಡಿಗೆ ಬಲವಿರಲಿ. ಮಲಗಿದವರಿಗೆ ನಿದ್ದೆಯನ್ನೂ, ಪಕ್ಕದಲ್ಲಿ ಮಲಗಿದವರಿಗೆ ಸಹನೆಯನ್ನೂ ಆ ಶೇಷಶಾಯಿ ಕರುಣಿಸಲಿ.